ಲಾಭ, ಎರಡು, ಮೂರು

ನಮ್ಮ ಅಡುಗೆಮನೆಯ ಅಕ್ಕಿಡಬ್ಬದ ಮೇಲೆ ಬೋರಲಾಗಿ ಮಲಗಿರುವ ಹಿತ್ತಾಳೆಯ ಸೇರಿಗೆ ನನಗಿಂತ ಹೆಚ್ಚು ವಯಸ್ಸು, ನನಗಿಂತ ಹೆಚ್ಚು ಮರ್ಯಾದೆ. ಅದರ ಅಂಚು ಒಂದು ಕಡೆ ನೆಗ್ಗಿದೆ. ತಳದಲ್ಲಿ ಯಾರೋ ಹಿರಿಯರು ಕೆತ್ತಿಸಿದ ಹೆಸರು ಹುಣಸೆಹುಳಿಯ ತಿಕ್ಕಾಟಕ್ಕೆ ಸವೆದು ಈಗ ನಾಲ್ಕಾರು ಗೀರುಗಳಾಗಿ ಉಳಿದಿದೆ. ಬೆಳಗಿನ ಕಾಫಿಯಾದ ಮೇಲೆ ನಮ್ಮ ಅತ್ತೆ ಆ ಸೇರನ್ನು ಕೈಗೆತ್ತಿಕೊಂಡು, ಅಕ್ಕಿಯೊಳಗೆ ಮುಳುಗಿಸಿ, ತಲೆಯನ್ನು ಅಂಗೈಯಿಂದ ಸಮನಾಗಿ ಸವರಿ, ಪಾತ್ರೆಗೆ ಸುರಿಯುತ್ತ "ಲಾಭ" ಎನ್ನುತ್ತಿದ್ದರು. ಮುಂದಿನದಕ್ಕೆ "ಎರಡು" ಎನ್ನುತ್ತಿದ್ದರು. ಆಮೇಲೆ ಸಂಖ್ಯೆಯೇ ಇಲ್ಲದ ಒಂದು ಹಿಡಿ ಅಕ್ಕಿ ಬೀಳುತ್ತಿತ್ತು. ಅದು ಹೇಳದೆ ಕೇಳದೆ ಬರಬಹುದಾದವರ ಪಾಲು. ಪ್ಯಾಕೆಟ್ಟಿನ ಅಕ್ಕಿಯನ್ನು ಕುಕ್ಕರಿನ ಜೊತೆ ಬಂದ ಪ್ಲಾಸ್ಟಿಕ್ ಲೋಟದಲ್ಲಿ ಅಳೆಯುವ ಸ್ನೇಹಿತರೇ, ನಿಮಗಿದು ವಿಚಿತ್ರವೆನಿಸಿದರೆ ತಪ್ಪಿಲ್ಲ. ಧಾನ್ಯ ಅಳೆಯುವ ಹಳೆಯ ಮನೆಗಳಲ್ಲಿ ಮೊದಲ ಅಳತೆಗೆ "ಒಂದು" ಎನ್ನುವ ರೂಢಿಯಿಲ್ಲ; ಲಾಭದಿಂದ ಶುರುವಾದ ಎಣಿಕೆ ನಷ್ಟದ ಕಡೆ ಹೋಗದು ಎಂಬ ನಂಬಿಕೆ. ಬಿ.ಕಾಂ. ಪದವಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಮೈಸೂರು ಪಟ್ಟಣದಿಂದ ಸೊಸೆಯಾಗಿ ಬಂದ ನಾನು ಮೊದಲ ವಾರದಲ್ಲೇ ಈ ಸೇರಿಗೆ "ಒಂದು" ಎಂದುಬಿಟ್ಟಿದ್ದೆ. ಅತ್ತೆ ಪಾತ್ರೆಯ ಅಕ್ಕಿಯನ್ನು ಡಬ್ಬಕ್ಕೆ ಮರಳಿ ಸುರಿದು, ಸೇರನ್ನು ನನ್ನ ಕೈಗಿತ್ತು, ನಾನು ಸರಿಯಾಗಿ ಹೇಳುವವರೆಗೆ ಕಾದು ನಿಂತಿದ್ದರು.

ಹಾಗೆ ನೋಡಿದರೆ ಈ ಮನೆಯಲ್ಲಿ ಕೂಡುವ ಸ್ವಭಾವದ ವಸ್ತು ಆ ಸೇರೊಂದೇ, ಮಿಕ್ಕವರೆಲ್ಲ ಕಳೆಯುವವರು. ಸೋಮವಾರಪೇಟೆಯ ಸಂತೆಯಲ್ಲಿ ನಿಂತು ಯಾವ ಕಾಫಿ ಬೆಳೆಗಾರರನ್ನಾದರೂ "ಈ ಸಲ ಫಸಲು ಹೇಗೆ?" ಎಂದು ಕೇಳಿ ನೋಡಿ. ತೋಟದಲ್ಲಿ ರೆಂಬೆಗಳು ಕಾಯಿಯ ಭಾರಕ್ಕೆ ನೆಲ ಮುಟ್ಟುತ್ತಿದ್ದರೂ ಉತ್ತರ ಒಂದೇ: "ಏನೂ ಇಲ್ಲ ಮಾರಾಯ್ರೆ." ಅದನ್ನು ಸುಳ್ಳೆಂದು ಯಾರೂ ತಿಳಿಯುವುದಿಲ್ಲ, ವಿನಯವೆಂದೂ ತಿಳಿಯುವುದಿಲ್ಲ, ಅದು ಕಂತು ಕಟ್ಟಬೇಕಿಲ್ಲದ ಒಂದು ವಿಮೆ. ನಮ್ಮ ಮನೆಯವರು ಮಳೆಗಾಲದ ನಡುವೆ ತೋಟಕ್ಕಿಳಿದು, ಒಂದು ರೆಂಬೆ ಎತ್ತಿ ಹಿಡಿದು, ಅರೆಗಣ್ಣು ಮಾಡಿ ಮನಸ್ಸಿನಲ್ಲೇ ಮೂಟೆಗಳನ್ನು ಪೇರಿಸುತ್ತಾರೆ. ಆಮೇಲೆ ಆ ಮೂಟೆಗಳಿಂದ ಗಾಳಿಗೆ ಉದುರುವುದನ್ನು, ಮಂಗ ತಿನ್ನುವುದನ್ನು, ಕಾಯಿಕೊರಕ ಕೊರೆಯುವುದನ್ನು, ಆನೆ ತುಳಿಯುವುದನ್ನು, ಕೊನೆಗೆ ದಾರಿಹೋಕರ ಕಣ್ಣು ಬೀಳುವುದನ್ನೂ ಕಳೆಯುತ್ತಾರೆ. ಅವರ ಅಂದಾಜನ್ನು ನಂಬಿದ್ದರೆ ನಾವು ಇಷ್ಟು ಹೊತ್ತಿಗೆ ಕಾಫಿಪುಡಿಯನ್ನು ಅಂಗಡಿಯಿಂದ ತಂದು ಕುಡಿಯಬೇಕಿತ್ತು.

ಈ ಕಳೆಯುವ ವಿದ್ಯೆಯಲ್ಲಿ ಅವರಿಗೆ ಗುರು ಅವರ ತಾಯಿಯೇ. ಗಿಡದ ಮೇಲಿನ ಕಾಯಿ, ಕಾವಿಗೆ ಕೂತ ಕೋಳಿಯ ಕೆಳಗಿನ ಮೊಟ್ಟೆ, ಮನೆಯ ಮಕ್ಕಳು, ಇವುಗಳಿಗೆ ಅತ್ತೆ ಲೆಕ್ಕ ಹಾಕುವುದಿಲ್ಲ, ಹಾಕಿದರೂ ಬಾಯಿಬಿಟ್ಟು ಹೇಳುವುದಿಲ್ಲ. "ಮೊಮ್ಮಕ್ಕಳು ಎಷ್ಟಜ್ಜಿ?" ಎಂದು ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರೆ "ಅವೆ ಕಣವ್ವ, ದೇವ್ರು ಕೊಟ್ಟಷ್ಟು" ಎಂದು ಕಿಟಕಿಯ ಕಡೆ ತಿರುಗುತ್ತಾರೆ. ಹಾಗಾಗಿ ಮದುವೆಮನೆಗಳಲ್ಲಿ ನಮ್ಮ ಮಕ್ಕಳ ಸಂಖ್ಯೆಯ ಬಗ್ಗೆ ನಾನಾ ವದಂತಿಗಳು ಹಬ್ಬಿವೆ.

ನಿಮ್ಮಲ್ಲಿ ಮುಚ್ಚಿಡುವುದೇನು, ಮಕ್ಕಳು ಮೂವರು. ದೊಡ್ಡವಳು ಚೈತ್ರ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ನಡುವಿನವಳು ಹರ್ಷಿತಾ, ಟೈಫಾಯ್ಡ್ ಬಂದು ಅವಳದೊಂದು ವರ್ಷ ಮಂಚದ ಮೇಲೆಯೇ ಕಳೆದುಹೋಯಿತು. ಆ ಒಂದು ವರ್ಷದಲ್ಲಿ ಹಿಂದಿನಿಂದ ಓಡಿಬಂದ ಕಿರಿಯವನು ಶಶಾಂಕ ಅಕ್ಕನ ಪಕ್ಕಕ್ಕೇ ಬಂದು ನಿಂತ. ಅವಳಿಗೆ ಅರಣ್ಯಶಾಸ್ತ್ರದಲ್ಲಿ ಸೀಟು ಸಿಕ್ಕಿತು. ನೀರು ಕಾಯಿಸಲೂ ಬಾರದ ಇವನಿಗೆ ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ. ಹೀಗೆ ಒಂದೇ ಮಳೆಗಾಲದಲ್ಲಿ ಮೂರು ಕಾಲೇಜು, ಮೂರು ಹಾಸ್ಟೆಲ್ಲು, ಮೂರು ದಿಕ್ಕಿಗೆ ಬಸ್ ಚಾರ್ಜು. ಕಾಫಿಯ ದುಡ್ಡಾದರೋ ಕೊಯ್ಲು ಮುಗಿದು, ಕಣದಲ್ಲಿ ಒಣಗಿ, ಮೂಟೆಯಾಗಿ ಹೋದ ಮೇಲೆ ಬರುವಂಥದ್ದು. ಕಾಲೇಜಿನವರಿಗೆ ಗಿಡದ ಮೇಲಿನ ಹಸಿರು ಕಾಯಿಯನ್ನು ತೋರಿಸಿ ರಸೀದಿ ಪಡೆಯಲಾಗುವುದಿಲ್ಲ.

ಆಗ ನಮಗೆ ಗೊತ್ತಾದದ್ದು ಮಡಿಕೇರಿಯ ಒಂದು ದತ್ತಿನಿಧಿಯ ವಿಷಯ. ಹಳೆಯ ಬೆಳೆಗಾರರು ಕೆಲವರು ಸೇರಿ, ಓದುವ ಮಕ್ಕಳಿಗೆಂದು ತೆಗೆದಿಟ್ಟ ಹಣ. ಅವರ ವೆಬ್‌ಸೈಟಿನಲ್ಲಿ ಎಷ್ಟು ನೆರವು ಸಿಗಬಹುದೆಂದು ಮುಂಚಿತವಾಗಿ ಅಂದಾಜು ಮಾಡಿಕೊಡುವ ಒಂದು ಯಂತ್ರವಿತ್ತು. ಮನೆಯ ಆದಾಯ ಎಷ್ಟು, ಮನೆಯಲ್ಲಿರುವವರು ಎಷ್ಟು, ಕಾಲೇಜಿಗೆ ಹೋಗುವವರು ಎಷ್ಟು ಎಂದು ತುಂಬಿ ಒತ್ತಿದರೆ ಕೆಳಗೊಂದು ಅಂಕಿ ಮೂಡುತ್ತಿತ್ತು. ನಮ್ಮ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ಪಾಚಿಗಟ್ಟಿದ ಆ ಖಾಲಿ ಕಣದ ಅಂಚಿನಲ್ಲಿ ಕೊಡೆ ಹಿಡಿದು ಕೂತು, ನನ್ನ ಟ್ರಂಕಿನ ಬಿ.ಕಾಂ.ಗೆ ಕೊನೆಗೂ ಒಂದು ಕೆಲಸ ಸಿಕ್ಕಿತೆಂಬ ಹುರುಪಿನಲ್ಲಿ ಲೆಕ್ಕಕ್ಕೆ ತೊಡಗಿದೆ. "ಮನೆಯಲ್ಲಿರುವವರು ಎಷ್ಟು?" ಎಂಬಲ್ಲೇ ಮೊದಲ ತೊಡಕು. ಮಲಗುವವರನ್ನು ಎಣಿಸಬೇಕೋ, ಉಣ್ಣುವವರನ್ನೋ? ಮಧ್ಯಾಹ್ನದ ಊಟಕ್ಕೆ ಕೂರುವ ಕೆಲಸದವರನ್ನೋ, ಎರಡು ದಿನಕ್ಕೆಂದು ಬಂದು ಎರಡು ತಿಂಗಳಿಂದ ಉಳಿದಿರುವ ನಮ್ಮವರ ಸೋದರಮಾವನನ್ನೋ? ಆದಾಯದ ಚೌಕದಲ್ಲಿ ನಮ್ಮ ಮನೆಯವರು ಹೇಳಿದ ಅಂಕಿ ಬರೆದಿದ್ದರೆ ದತ್ತಿನಿಧಿಯವರು ಹಣದ ಬದಲು ಕಂಬಳಿ ಕಳಿಸುತ್ತಿದ್ದರೇನೋ; ಬ್ಯಾಂಕಿನ ಪುಸ್ತಕ ನೋಡಿಯೇ ಬರೆದೆ.

ಈ ಯಂತ್ರದ ನಡತೆಯೇ ಒಂದು ಸೋಜಿಗ. ಒಂದು ಮನೆ ಓದಿಗೆ ಎಷ್ಟು ಹಣ ಹೊಂದಿಸಬಲ್ಲದು ಎಂದು ಅದು ಮೊದಲು ನೋಡುತ್ತದೆ. ಆಮೇಲೆ ಅದನ್ನು ಓದುವ ಮಕ್ಕಳ ಸಂಖ್ಯೆಯಿಂದ ಭಾಗಿಸುತ್ತದೆ. ಒಬ್ಬೊಬ್ಬರ ಪಾಲಿಗೆ ಕಡಿಮೆ ಬಿದ್ದದ್ದನ್ನು ತಾನು ತುಂಬಿಕೊಡಲು ನೋಡುತ್ತದೆ. ಅಂದರೆ ಮಕ್ಕಳು ಹೆಚ್ಚಾದಷ್ಟೂ ನೆರವು ಹೆಚ್ಚು. ಜೀವಮಾನವಿಡೀ "ಮಕ್ಕಳೆಷ್ಟು?" ಎಂಬ ಪ್ರಶ್ನೆಗೆ ಅಪರಾಧಿಯಂತೆ ಉತ್ತರಿಸಿದ ನನಗೆ ಈ ಯಂತ್ರದ ಮೇಲೆ ಪ್ರೀತಿಯೇ ಹುಟ್ಟಿತು. ತಮಾಷೆಗೆಂದು ಒಂಬತ್ತು ಮಕ್ಕಳು ಎಂದು ಹಾಕಿ ನೋಡಿದೆ. ಯಂತ್ರ ಒಂದು ಕ್ಷಣ ತಡವರಿಸಿ, ನಮ್ಮ ಮನೆಯ ಮೇಲೆ ಕರುಣೆಯ ಹೊಳೆಯನ್ನೇ ಹರಿಸಿತು. ಗಾಂಧಾರಿ ಇದ್ದಿದ್ದರೆ ದತ್ತಿನಿಧಿ ದಿವಾಳಿಯಾಗುತ್ತಿತ್ತು. ಕೊನೆಗೆ ನಿಜವಾದ ಮೂರನ್ನು ಹಾಕಿ, ಬಂದ ಅಂಕಿಯನ್ನು ಉಸಿರು ಹಿಡಿದು ನೋಡಿದೆ. ಬಿಗಿಯಾಗಿ ಉಟ್ಟರೆ ಸಾಲುವ ಸೀರೆಯ ಹಾಗೆ, ಮೂವರೂ ಓದಬಹುದಿತ್ತು.

ಸುದ್ದಿ ಕೇಳಿ ಶಶಾಂಕ ಮನೆತುಂಬ ಕುಣಿದ. ಹರ್ಷಿತಾ ಕುಣಿಯುವ ಪೈಕಿ ಅಲ್ಲ. ಅವಳು ಅಪ್ಪನ ಹಳೆಯ ಗಮ್‌ಬೂಟನ್ನು ಕೊಟ್ಟಿಗೆಯ ಸೌದೆಯ ಹಿಂದಿನಿಂದ ಹುಡುಕಿ ತೆಗೆದು, ತೊಳೆದು, ಮುಂದಿನ ಬಾಗಿಲ ಬಳಿ ಒಣಗಲು ಇಟ್ಟಳು. ಕಾಡಿನಲ್ಲಿ ಓಡಾಡುವ ಓದಲ್ಲವೇ. ಬೂಟು ದೊಡ್ಡದಾಗುತ್ತದೆಂದು ಮೂತಿಗೆ ಪೇಪರು ತುರುಕಿದ್ದಳು. ಅರ್ಜಿ ಕಳಿಸಿದೆವು, ಕಾದೆವು.

ವಾರ ಕಳೆದು ಕಣದ ಮೂಲೆಯಲ್ಲಿ ನನ್ನ ಮೊಬೈಲಿಗೆ ಉತ್ತರ ಬಂತು. ಮನೆಗೆ ಫೋನ್ ಮಾಡಿ ಪರಿಶೀಲಿಸಿದಾಗ ಓದುತ್ತಿರುವ ಮಕ್ಕಳು ಇಬ್ಬರು ಎಂದು ತಿಳಿದುಬಂದಿದೆ, ಆದ್ದರಿಂದ ಅಂದಾಜನ್ನು ಬದಲಾಯಿಸಲಾಗಿದೆ ಎಂದಿತ್ತು. ಹೊಸ ಅಂಕಿಯನ್ನು ಹೇಗೆ ಎಳೆದಾಡಿದರೂ ಇಬ್ಬರಿಗೇ ಮುಗಿಯುತ್ತಿತ್ತು. ಅರಣ್ಯಶಾಸ್ತ್ರದ ಸೀಟಿಗೆ ಶುಲ್ಕ ಕಟ್ಟಲು ಆ ವಾರದ ಕೊನೆಯೇ ಗಡುವು. ಚೈತ್ರಳ ಓದು ಅರ್ಧ ದಾಟಿತ್ತು, ಶಶಾಂಕನಿಗೆ ಮುಂಗಡ ಕಟ್ಟಿಯಾಗಿತ್ತು. ಉಳಿದದ್ದು ಯಾರೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹರ್ಷಿತಾ ತಟ್ಟೆ ನೋಡುತ್ತಲೇ ಹೇಳಿದಳು:

"ಅಮ್ಮ, ನಾನು ಈ ವರ್ಷ ಮನೇಲೇ ಇರ್ತೀನಿ. ಹೆಂಗೂ ಒಂದ್ವರ್ಷ ಹೋಗಿದೆ, ಇನ್ನೊಂದು ಹೋದ್ರೆ ಏನಾಯ್ತು? ಹುಷಾರಿಲ್ದಾಗ್ಲೂ ಖರ್ಚು, ಹುಷಾರಾದ ಮೇಲೂ ಖರ್ಚು. ಈ ಮನೇಲಿ ಬರೀ ಖರ್ಚಿನ ಬಾಬ್ತು ಅಂದ್ರೆ ನಾನೇ ತಾನೆ."

ಅವಳು ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಲೆಕ್ಕ ಹೇಳುವವಳಂತೆ ಹೇಳಿದಳು, ಅದಕ್ಕೇ ನೋವಾಯಿತು. "ಯಾರು ಇವ್ರಿಗೆ ಎರಡು ಅಂದದ್ದು?" ಎಂದು ನಮ್ಮ ಮನೆಯವರು ಸಿಡುಕಿದರು.

"ನಾನೇ ಕಣಪ್ಪ ಅಂದದ್ದು," ಎಂದರು ಅತ್ತೆ, ಸಾರು ಬಡಿಸುತ್ತ, ಕಳ್ಳನನ್ನು ಹಿಡಿದುಕೊಟ್ಟವರ ಹೆಮ್ಮೆಯಿಂದ. "ಯಾವ್ದೋ ಹುಡ್ಗಿ ಫೋನ್ ಮಾಡಿ, ಅಜ್ಜಿ ನಿಮ್ಮನೇಲಿ ಓದೋ ಮಕ್ಳೆಷ್ಟು ಅಂತ ಎಣ್ಸಕ್ಕೆ ಬಂದ್ಲು. ಗುರುತಿಲ್ಲ, ಪರಿಚಯ ಇಲ್ಲ, ಇದ್ದದ್ದು ಇದ್ದಂಗೆ ಹೇಳಕ್ಕೆ ನಂಗೇನು ತಲೆ ಕೆಟ್ಟೈತಾ? ಅವೆ ಕಣವ್ವ ಒಂದೆರಡು ಅಂದೆ. ಫಸಲು ಹೆಂಗೆ ಅಂದ್ಲು, ಏನೂ ಇಲ್ಲ ಅಂದೆ. ಇಟ್ಬಿಟ್ಲು."

ಸ್ನೇಹಿತರೇ, ನಗಬೇಕೋ ಅಳಬೇಕೋ ಎಂಬ ಮಾತನ್ನು ನಾನು ಅಲ್ಲಿಯವರೆಗೆ ಸುಮ್ಮನೆ ಬಳಸುತ್ತಿದ್ದೆ. ನಮ್ಮ ಲ್ಯಾಂಡ್‌ಲೈನು ಅತ್ತೆಯ ಮಂಚದ ಪಕ್ಕದಲ್ಲಿರುವುದು, ಅರ್ಜಿಯಲ್ಲಿ ಅದೇ ನಂಬರು ಬರೆದದ್ದು, ಇವೆರಡನ್ನೂ ನನ್ನ ಬಿ.ಕಾಂ. ಗಣನೆಗೇ ತೆಗೆದುಕೊಂಡಿರಲಿಲ್ಲ. ಯಂತ್ರದ ಲೆಕ್ಕ ಅತ್ತೆಯ ಲೆಕ್ಕಕ್ಕೆ ಪೂರ್ತಿ ಉಲ್ಟಾ ಎಂಬುದನ್ನು ನಾನು ಆದಷ್ಟು ಮೆತ್ತಗೆ ವಿವರಿಸಿದೆ: ಇವರಿಗೆ ಫಸಲು ಕಡಿಮೆ ಎಂದರೆ ಒಳ್ಳೆಯದೇ, ಆದರೆ ಮಕ್ಕಳು ಕಡಿಮೆ ಎಂದರೆ ಕೊಡುವುದೂ ಕಡಿಮೆ; ಇನ್ನೊಮ್ಮೆ ಫೋನ್ ಬಂದಾಗ ಮೂವರು ಎಂದುಬಿಡಿ ಅತ್ತೆ, ಸಾಕು. ಅತ್ತೆ ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕೈ ಒರೆಸಿಕೊಂಡರು. "ಕೊಡೋದು ಕೊಡ್ತಾರೆ, ಸರಿ. ಕಣ್ಣು ಬಿದ್ರೆ ಅವ್ರು ಬಂದು ತೆಗೀತಾರಾ?" ಎಂದು ಕೇಳಿ ಒಳಗೆ ಹೋದರು.

ಆ ಪ್ರಶ್ನೆಗೆ ನಾನು ನಗಲಿಲ್ಲ. ನಮ್ಮ ಮನೆಯವರಿಗೆ ಒಬ್ಬ ತಮ್ಮನಿದ್ದ. ಜನಗಣತಿಯವರು ಬಂದ ವರ್ಷ ಅತ್ತೆ ಜಗುಲಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೆರಳು ತೋರಿಸಿ, ಸಂತೋಷದಿಂದ ಎಣಿಸಿ ಹೇಳಿದ್ದರಂತೆ; ಆ ಮಳೆಗಾಲದಲ್ಲೇ ಜ್ವರ ಬಂದು ಆ ಹುಡುಗ ತೀರಿಹೋದ. ಎಣಿಕೆಗೂ ಜ್ವರಕ್ಕೂ ಸಂಬಂಧವಿಲ್ಲವೆಂದು ನಿಮಗೆ ಗೊತ್ತು, ನನಗೆ ಗೊತ್ತು, ಬಹುಶಃ ಅತ್ತೆಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ನಾಲಿಗೆ ಏಳುವುದು ಬೇರೆ. ಅಂದಿನಿಂದ ಅವರು ಮಕ್ಕಳನ್ನು ಎಣಿಸಿರಲಿಲ್ಲ.

ಮರುದಿನ ನಾನೇ ದತ್ತಿನಿಧಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಒಳ್ಳೆಯವಳು, ಆದರೆ ನಿಯಮದವಳು. "ಮೇಡಂ, ಮನೆ ಹಿರಿಯರು ಎರಡು ಅಂದಿದ್ದಾರೆ, ನೀವು ಮೂರು ಅಂತೀರ. ನಾನು ಯಾವುದು ಬರ್ಕೊಳ್ಲಿ? ಅವರೇ ಒಂದ್ಸಲ ಹೇಳ್ಬಿಟ್ರೆ ಆಯ್ತು. ನಾಳೆ ಬೆಳಗ್ಗೆ ನಿಮ್ಮ ಲ್ಯಾಂಡ್‌ಲೈನಿಗೆ ಮಾಡ್ತೀನಿ, ಅಜ್ಜಿಗೆ ಕೊಡಿ," ಎಂದಳು. ಅತ್ತೆಗೆ ಇದನ್ನು ತಿಳಿಸಿದೆ. ಅವರು ಕೋಳಿಗೆ ಕಾಳು ಹಾಕಲು ಎದ್ದುಹೋದರು. ಅವರನ್ನು ಬಲವಂತ ಮಾಡುವ ಮನಸ್ಸು ನನಗೂ ಬರಲಿಲ್ಲ. ಒಂದು ಕಡೆ ನನ್ನ ಮಗಳ ವರ್ಷ, ಇನ್ನೊಂದು ಕಡೆ ಅವರ ಸತ್ತ ಮಗ. ಇಂಥ ಎರಡನ್ನು ತೂಗುವ ತಕ್ಕಡಿ ಯಾವ ಕಾಲೇಜಿನಲ್ಲೂ ಕೊಡುವುದಿಲ್ಲ.

ಬೆಳಗ್ಗೆ ಅತ್ತೆ ಸೌದೆ ತರಲು ಕೊಟ್ಟಿಗೆಗೆ ಹೋದರು. ಅಲ್ಲಿ ಸೌದೆಯ ಹಿಂದೆ, ಮೊದಲಿದ್ದ ಜಾಗದಲ್ಲೇ, ಗಮ್‌ಬೂಟುಗಳಿದ್ದವು. ಹರ್ಷಿತಾ ಯಾರಿಗೂ ಕಾಣದಂತೆ ಮರಳಿ ಇಟ್ಟಿದ್ದಳು. ಮೂತಿಯ ಪೇಪರನ್ನೂ ತೆಗೆದು, ಒಲೆಗೆ ಬರುತ್ತದೆಂದು ಮಡಿಚಿ ಪಕ್ಕದಲ್ಲಿಟ್ಟಿದ್ದಳು. ಅತ್ತೆ ಸೌದೆ ತರಲಿಲ್ಲ. ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಪೇಪರು ಹಿಡಿದು ಬಂದು, ಪೇಪರನ್ನು ಮೂತಿಗೆ ತುರುಕಿ, ಬೂಟನ್ನು ಮುಂದಿನ ಬಾಗಿಲ ಬಳಿ ಇಟ್ಟರು. ಆಮೇಲೆ ಕೈಕಾಲು ತೊಳೆದು, ಅಕ್ಕಿಡಬ್ಬದ ಮೇಲಿನ ಸೇರನ್ನು ತೆಗೆದುಕೊಂಡು ಫೋನಿನ ಪಕ್ಕ ಕೂತು, "ಮಕ್ಳನ್ನ ಕರಿ," ಎಂದರು.

ರಜೆಗೆ ಬಂದಿದ್ದ ಚೈತ್ರ, ಹಲ್ಲುಜ್ಜುತ್ತಿದ್ದ ಶಶಾಂಕ, ಏನೆಂದು ತಿಳಿಯದ ಹರ್ಷಿತಾ ಬಂದು ನಿಂತರು. ಫೋನ್ ಹೊಡೆದುಕೊಂಡಿತು. ನಾನು ಸ್ಪೀಕರಿನ ಗುಂಡಿ ಒತ್ತಿದೆ. "ನಮಸ್ಕಾರ ಅಜ್ಜಿ, ನಿಮ್ಮನೇಲಿ ಓದೋ ಮಕ್ಕಳು ಎಷ್ಟು ಜನ?" ಎಂದಿತು ಆ ಹುಡುಗಿಯ ದನಿ. ಅತ್ತೆ ಸೇರನ್ನು ತೊಡೆಯ ಮೇಲೆ ತಿರುಗಿಸಿದರು. ಆಮೇಲೆ ಕೈ ಚಾಚಿ, ದೊಡ್ಡವಳನ್ನೂ ದಾಟಿ, ಗಂಡುಹುಡುಗನನ್ನೂ ದಾಟಿ, ಹರ್ಷಿತಾಳನ್ನು ಹತ್ತಿರಕ್ಕೆಳೆದು ಅವಳ ನೆತ್ತಿಯ ಮೇಲೆ ಅಂಗೈ ಇಟ್ಟರು.

"ಲಾಭ," ಎಂದರು.

ಚೈತ್ರಳ ತಲೆ ಸವರಿ "ಎರಡು" ಎಂದರು. ನೊರೆಬಾಯಿಯ ಶಶಾಂಕನನ್ನು ಮುಟ್ಟಿ "ಮೂರು" ಎಂದರು. ಹರ್ಷಿತಾ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು, ಊಟದ ಹೊತ್ತಿನಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅಲ್ಲಿ ಅತ್ತಳು. "ನಮ್ಮಜ್ಜಿನೂ ಭತ್ತ ಅಳೀವಾಗ ಹಿಂಗೇ ಅಂತಿದ್ರು," ಎಂದಳು ಹುಡುಗಿ. "ಮೂರು ಅಂತ ಬರ್ಕೊಂಡೆ ಅಜ್ಜಿ." ಅತ್ತೆಗೆ ಕೂಡಲೇ ಎಚ್ಚರ ಮರಳಿತು. "ಬರ್ಕೊ. ಫಸಲಿಂದು ಮಾತ್ರ ಕೇಳ್ಬೇಡ. ಏನೂ ಇಲ್ಲ," ಎಂದು ಫೋನಿಟ್ಟರು. ಮರುಕ್ಷಣ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂವರಿಗೂ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದೆವು, ಕೆಮ್ಮು ಬಂತಲ್ಲ, ಕಣ್ಣು ಬಿದ್ದಿಲ್ಲ ಎಂದು ಅತ್ತೆ ಸಮಾಧಾನಪಟ್ಟರು. ಸೋದರಮಾವನೊಬ್ಬರು ಮಾತ್ರ ಮನೆಗೆ ಬೆಂಕಿ ಬಿತ್ತೆಂದು ಚೀಲ ಹಿಡಿದು ಅಂಗಳಕ್ಕೆ ಓಡಿದ್ದರು, ಆದರೆ ಊಟದ ಹೊತ್ತಿಗೆ ಮರಳಿದರು.

ನೆರವು ಬಂತು. ಯಂತ್ರ ಹೇಳಿದಷ್ಟೇ ಅಲ್ಲ, ತುಸು ಕಡಿಮೆ. ದತ್ತಿನಿಧಿಗೂ ಬೆಳೆಗಾರರೇ ಕಳೆಯುವ ವಿದ್ಯೆ ಕಲಿಸಿರಬೇಕು. ಮೂವರೂ ಹೋದರು.

ಈಗ ಯೋಚಿಸಿದರೆ ಅನಿಸುತ್ತದೆ, ಅಂದಾಜು ಎನ್ನುವುದರಲ್ಲಿ ಅಂಕಿಗಿಂತ ಹೆಚ್ಚಾಗಿ ಮನುಷ್ಯನ ಹೆದರಿಕೆಯೇ ತುಂಬಿರುತ್ತದೆ. ಕಾಯಿ ಉದುರೀತು, ಕಣ್ಣು ಬಿದ್ದೀತು, ಹಣ ಸಾಲದಾದೀತು ಎಂದು ನಾವು ಕಳೆಯುತ್ತಾ ಹೋಗುತ್ತೇವೆ. ಹಾಗೆ ಕಳೆಯುವುದನ್ನು ದಿನವೂ ಕೇಳಿಸಿಕೊಳ್ಳುವ ಮಕ್ಕಳು ಒಂದು ದಿನ ತಮ್ಮನ್ನೇ ಕಳೆದುಕೊಂಡುಬಿಡುತ್ತಾರೆ, ಅದೂ ನಮಗೆ ಕಾಣದಂತೆ, ಸೌದೆಯ ಹಿಂದೆ. ನಾನು ಕಲಿತ ವಾಣಿಜ್ಯಶಾಸ್ತ್ರದಲ್ಲಿ ಓದುವ ಮಕ್ಕಳು ಬರುವುದು ಖರ್ಚಿನ ಕಡೆಯೇ. ಅತ್ತೆಯ ಲೆಕ್ಕದಲ್ಲಿ ಮಾತ್ರ ಹರ್ಷಿತಾ ಬೇರೆ ಕಡೆ ಬಂದಳು, ಅದೂ ಎಲ್ಲಕ್ಕಿಂತ ಮೊದಲು. ಇನ್ನು ಆ ದತ್ತಿನಿಧಿ. ಎಂದೋ ಯಾರೋ ಬೆಳೆಗಾರರು, "ಏನೂ ಇಲ್ಲ" ಎಂದು ಊರಿಗೆಲ್ಲ ಹೇಳಿಕೊಂಡೇ, ತಮ್ಮ ಫಸಲಿನಿಂದ ಮುಖ ಕಂಡಿಲ್ಲದ ಮಕ್ಕಳಿಗೆಂದು ಒಂದಿಷ್ಟು ತೆಗೆದಿಟ್ಟರಲ್ಲ, ಅದು ಸೇರಿನ ಮೇಲೆ ಬೀಳುವ ಆ ಲೆಕ್ಕವಿಲ್ಲದ ಹಿಡಿ ಅಕ್ಕಿಯೇ. ನನ್ನ ಮಗಳು ಹೇಳದೆ ಕೇಳದೆ ಬಂದ ಅತಿಥಿಯ ಹಾಗೆ ಹೋಗಿ ಆ ಪಂಕ್ತಿಯಲ್ಲಿ ಕೂತಳು.

ಮೊನ್ನೆ ಅವಳು ಫೋನ್ ಮಾಡಿದ್ದಳು. ಕಾಡಿಗೆ ಕರೆದುಕೊಂಡು ಹೋಗಿ ಮರ ಎಣಿಸುವುದನ್ನು ಕಲಿಸುತ್ತಿದ್ದಾರಂತೆ. ಮೊದಲ ಮರವನ್ನು ಮುಟ್ಟಿ ಅಭ್ಯಾಸಬಲದಿಂದ "ಲಾಭ" ಎಂದುಬಿಟ್ಟಳಂತೆ, ಜೊತೆಯವರೆಲ್ಲ ನಕ್ಕರಂತೆ. "ಬೂಟು ಕಾಲಿಗೆ ಸರಿಯಾಯ್ತೇನೆ?" ಎಂದು ಅತ್ತೆ ನನ್ನ ಭುಜದ ಮೇಲಿನಿಂದ ಕೂಗಿ ಕೇಳಿದರು.

ಅತ್ತೆಗೆ ಈಗೀಗ ಮಂಡಿನೋವು. ಬೆಳಗಿನ ಅಕ್ಕಿ ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಕ್ಕಳು ಹಾಸ್ಟೆಲ್ಲಿನಲ್ಲಿರುವುದರಿಂದ ಎರಡು ಸೇರು ಬೇಕಿಲ್ಲ, ಒಂದೇ ಸಾಕು. ಸೇರನ್ನು ಮುಳುಗಿಸಿ, ತಲೆ ಸವರಿ, ಪಾತ್ರೆಗೆ ಸುರಿದು, "ಲಾಭ" ಎನ್ನುತ್ತೇನೆ. ಒಂದು ಹಿಡಿ ಮೇಲೆ ಹಾಕುತ್ತೇನೆ. ಅಲ್ಲಿಗೆ ಎಣಿಕೆ ಮುಗಿಯುತ್ತದೆ.